ಕ್ಲಚ್ ಮೇಷ್ಟ್ರು ಹಾಕಿಸಿಕೊಳ್ಳದ ಇಂಜೆಕ್ಷನ್ನಿನ ಅಡ್ಡಪರಿಣಾಮಗಳು

ಕ್ಲಚ್ ಮೇಷ್ಟ್ರಿಗೆ ಧೈರ್ಯ ಕಮ್ಮಿ ಎಂದು ಯಾರಾದರೂ ಹೇಳಿದ್ದರೆ ಆ ಬೀದಿಯ ಜನ ನಕ್ಕುಬಿಡುತ್ತಿದ್ದರು. ಕಾರು ಓಡಿಸುವುದನ್ನು ಕಲಿಸಿ ಹೊಟ್ಟೆ ಹೊರೆಯುವ ಮನುಷ್ಯ ಅವರು. ಎದುರಿನಿಂದ ಲಾರಿ ಬರುತ್ತಿರುವಾಗ, "ಸಾರ್, ಬ್ರೇಕು ಎಡಗಡೇದೋ ಮಧ್ಯದ್ದೋ?" ಎಂದು ವಿಚಾರಿಸುವ ಶಿಷ್ಯರ ಪಕ್ಕದಲ್ಲಿ ಕೂತು, ಅಂಗಡಿಯಲ್ಲಿ ಅರ್ಧ ಕೆ.ಜಿ. ಸಕ್ಕರೆ ಕೇಳುವಷ್ಟೇ ಸಮಾಧಾನದ ದನಿಯಲ್ಲಿ "ಕ್ಲಚ್ ಒತ್ತಿ, ಕ್ಲಚ್, ಕ್ಲಚ್" ಎನ್ನುತ್ತ ಅರ್ಧ ಊರಿಗೆ ಕಾರು ಕಲಿಸಿದ್ದರು. ಹೆಸರು ಬಂದದ್ದು ಹಾಗೆ. ನಿಜವಾದ ಹೆಸರು ಅವರ ಲೈಸೆನ್ಸಿಗೂ ಹೆಂಡತಿಯ ತವರಿನವರಿಗೂ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಇಂಥ ಶೂರರಿಗೆ ಜಗತ್ತಿನಲ್ಲಿ ಇದ್ದ ಭಯ ಒಂದೇ. ಸೂಜಿ. ಹೆಂಡತಿ ಅಂಗಿಗೆ ಗುಂಡಿ ಹೊಲಿಯಲು ಕೂತರೆ ಇವರು ಪೇಪರ್ ಎತ್ತಿಕೊಂಡು ಒಳಕೋಣೆಗೆ ಹೋಗಿಬಿಡುತ್ತಿದ್ದರು. ಗಂಡನಿಗೆ ಓದಿನ ಮೇಲೆ ಬಹಳ ಆಸಕ್ತಿ ಎಂದು ಆ ಸಾಧ್ವಿ ಮದುವೆಯಾದಾಗಿನಿಂದ ನಂಬಿಕೊಂಡಿದ್ದಳು.

ಊರಿಗೆ ಕಾಯಿಲೆ ಹಬ್ಬಿ ವರ್ಷವಾಗುತ್ತ ಬಂದಿತ್ತು. ಬಾಗಿಲು ಹಾಕಿಕೊಂಡು ಕೂತದ್ದಾಯಿತು, ಅಂಗೈಯ ರೇಖೆ ಸವೆಯುವಂತೆ ಕೈ ತೊಳೆದದ್ದಾಯಿತು. ಮೇಷ್ಟ್ರಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಮಾಸ್ಕು ಹಾಕದವರು ಯಾರೂ ಇರಲಿಲ್ಲ, ಮೂಗಿಗೆ ಹಾಕುವವರು ಮಾತ್ರ ವಿರಳ. ಹೆಚ್ಚಿನವರ ಮಾಸ್ಕು ಗದ್ದವನ್ನು ಕಾಯುತ್ತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು ಬಂದಾಗ ಅದು ಮೇಲೆ ಹೋಗುತ್ತಿತ್ತು, ಅವರು ತಿರುಗಿದ ಮೇಲೆ ಕೆಳಗಿಳಿಯುತ್ತಿತ್ತು. ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರು. ಕೊರಳಲ್ಲಿ ಸೀಟಿ ಕಟ್ಟಿಕೊಂಡು, ಕಟ್ಟಡವನ್ನು ಒಂದು ದೊಡ್ಡ ಜಂಕ್ಷನ್ ಎಂದೇ ಭಾವಿಸಿ ನಡೆಸುತ್ತಿದ್ದರು.

ಹೀಗಿರುವಾಗ ಇಂಜೆಕ್ಷನ್ ಬಂತು. ಮಾರುಕಟ್ಟೆಯ ಹಿಂದಿನ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆ, ಹೆಸರು ಕೊಡುವವರು ಸಾಕಷ್ಟಿದ್ದರೆ ಮನೆಬಾಗಿಲಿಗೇ ವ್ಯಾನು ಕಳಿಸುತ್ತಾರೆ ಎಂಬ ಸುದ್ದಿಯೂ ಬಂತು. ಅದನ್ನು ಹೇಳಲು ಅಧ್ಯಕ್ಷರು ಎಲ್ಲರನ್ನೂ ಗೇಟಿನ ಹತ್ತಿರ ಕರೆದು ಸೀಟಿ ಊದಿದರು.

"ಮೊದಲು ಯಾರು ಹೋಗ್ತೀರಿ?"

ಎಲ್ಲರೂ ಪಕ್ಕದವರ ಮುಖ ನೋಡಿದರು. ಹಾಕಿಸಿಕೊಂಡರೆ ಕೈ ಬಿದ್ದುಹೋಗುತ್ತದಂತೆ, ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲವಂತೆ, ಇದ್ದಕ್ಕಿದ್ದಂತೆ ನಗು ಬರುತ್ತದಂತೆ ಎಂಬ ಮಾಹಿತಿಗಳು ಆಗಲೇ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದವು. ನೆಲಮಹಡಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದ ಲಾಂಡ್ರಿಯವನು ಹಲ್ಲು ಕಿರಿದು ಹೇಳಿದ: "ಮೇಷ್ಟ್ರು ಇದಾರಲ್ಲ! ಲಾರಿಗೇ ಹೆದರದೋರು, ಸೂಜಿಗೆ ಹೆದರ್ತಾರಾ?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.  ಮೇಷ್ಟ್ರ ನಾಲಿಗೆ, ಯಜಮಾನನನ್ನು ಕೇಳದೆಯೇ, "ಅದರಲ್ಲೇನಿದೆ? ನಾಳೆನೇ ಹೋಗ್ತೀನಿ" ಎಂದುಬಿಟ್ಟಿತು.

ಮಾರನೆಯ ದಿನ ಹೋದರು ಕೂಡ. ಆ ಮಟ್ಟಿಗೆ ಅವರನ್ನು ದೂರುವಂತಿಲ್ಲ. ಸಾಲಿನಲ್ಲಿ ನಿಂತರು, ಕುರ್ಚಿಯಲ್ಲಿ ಕೂತರು, ಅಂಗಿಯ ತೋಳನ್ನೂ ಮಡಚಿದರು. ನರ್ಸಮ್ಮ ಒಂದು ಉಂಡೆ ಹತ್ತಿ ಕೈಗಿತ್ತು, "ಇದನ್ನ ಹಿಡ್ಕೊಂಡಿರಿ" ಎಂದು ಆ ಕಡೆ ತಿರುಗಿದರು. ಕಿಟಕಿಯ ಬೆಳಕಿಗೆ ಸಿರಿಂಜ್ ಎತ್ತಿ ಹಿಡಿದರು. ಸೂಜಿಯ ತುದಿಯಲ್ಲಿ ಒಂದು ಹನಿ ಹೊಳೆಯಿತು. ಅಷ್ಟೇ ಮೇಷ್ಟ್ರಿಗೆ ನೆನಪಿದ್ದದ್ದು. ಆಮೇಲೆ ಪ್ರಜ್ಞೆ ಬಂದಾಗ ಅವರು ಬಸ್ ಸ್ಟಾಪಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದರು, ಕೈಯಲ್ಲಿ ಹತ್ತಿ ಇತ್ತು. ಕೇಂದ್ರದ ಹಿಂದಿನ ಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ್ದರೆಂಬುದು ಸಾಂದರ್ಭಿಕ ಸಾಕ್ಷ್ಯಗಳಿಂದ ಅವರಿಗೇ ತಿಳಿದುಬಂತು.

ಅವರು ಕೆಟ್ಟ ಮನುಷ್ಯರಲ್ಲ. ದಾರಿಯುದ್ದಕ್ಕೂ ನಿಜ ಹೇಳಿಬಿಡಬೇಕೆಂದೇ ನಿರ್ಧರಿಸಿಕೊಂಡು ಬಂದರು. ಗೇಟಿನಲ್ಲಿ ಅಧ್ಯಕ್ಷರು, ಲಾಂಡ್ರಿಯವನು, ಮೇಷ್ಟ್ರ ಎದುರುಮನೆಯ ಅಕ್ಕ, ಮೂವರೂ ಕಾದು ನಿಂತಿದ್ದರು.

"ಏನ್ ಮೇಷ್ಟ್ರೇ, ಏನಾಯ್ತು?" ಎಂದರು ಅಧ್ಯಕ್ಷರು.

ಮೇಷ್ಟ್ರು ತಲೆ ತಗ್ಗಿಸಿ, ಎರಡು ಪದರದ ಮಾಸ್ಕಿನೊಳಗಿಂದ, "ನನ್ನ ಕೈಲಿ ಆಗ್ಲಿಲ್ಲ" ಎಂದರು.

"ಕೇಳಿದ್ರಾ!" ಅಧ್ಯಕ್ಷರು ಕೂಗಿದರು. "ಕೈಲಿ ಏನೂ ಆಗ್ಲಿಲ್ವಂತೆ!"

"ಏನೂ ಆಗ್ಲಿಲ್ವಂತೆ!" ಎಂದು ಲಾಂಡ್ರಿಯವನು ಮೇಲಿನ ಮಹಡಿಗಳಿಗೆ ಕೂಗಿದ. ಬಾಲ್ಕನಿಗಳಲ್ಲಿ ಚಪ್ಪಾಳೆ ಬಿತ್ತು. ಎದುರುಮನೆ ಅಕ್ಕ ಹತ್ತಿಯ ಕಡೆ ನೋಡಿ, "ಅಯ್ಯೋ ದೇವ್ರೇ, ಒಂದು ತೊಟ್ಟು ರಕ್ತನೂ ಬಂದಿಲ್ಲ!" ಎಂದು ಬೆರಗಾದಳು.

ಮೇಷ್ಟ್ರು ಬಾಯಿ ತೆರೆದರು. ಆದರೆ ಸುರಿಯುತ್ತಿರುವ ಚಪ್ಪಾಳೆಯನ್ನು ತಡೆದು ನಿಲ್ಲಿಸಲು ಸೂಜಿಗೆ ಬೇಕಾದದ್ದಕ್ಕಿಂತ ಹತ್ತು ಪಾಲು ಹೆಚ್ಚು ಧೈರ್ಯ ಬೇಕು. ಅಷ್ಟಿದ್ದಿದ್ದರೆ ಅವರು ಇಂಜೆಕ್ಷನ್ನನ್ನೇ ಹಾಕಿಸಿಕೊಂಡು ಬರುತ್ತಿದ್ದರು. ತೆರೆದ ಬಾಯಿಯಿಂದ ಹೊರಟದ್ದು: "ಇರುವೆ ಕಚ್ಚಿದ ಹಾಗೂ ಆಗ್ಲಿಲ್ಲ ಬಿಡಿ."

ಮನೆಯಲ್ಲಿ ಹೆಂಡತಿ ಅವರನ್ನು ಸೋಫಾದ ಮೇಲೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಳು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಅತ್ತೆಗೆ ಉಬ್ಬಸ. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದಿದಂತಾಗುತ್ತಿತ್ತು. ಎಲ್ಲರಿಗಿಂತ ಮೊದಲು ನೀವು ಹಾಕಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು.

"ನೋಡಿ ಅಳಿಯಂದ್ರೇ," ಎಂದರು ಅತ್ತೆ, "ಒಂದು ವಾರ ನಿಮ್ಮನ್ನ ನೋಡ್ತೀನಿ. ನಿಮಗೆ ಏನೂ ಆಗ್ಲಿಲ್ಲ ಅಂದ್ರೆ ನಾನೂ ಹಾಕಿಸ್ಕೋತೀನಿ."

ಈ ಮಾತು ಸಂಜೆಯೊಳಗೆ ನಾಲ್ಕೂ ಮಹಡಿ ಹತ್ತಿಳಿಯಿತು. ಎಲ್ಲರಿಗೂ ಬಹಳ ನ್ಯಾಯವಾದ ಮಾತಾಗಿ ಕಂಡಿತು. "ಮೇಷ್ಟ್ರಿಗೆ ಏನೂ ಆಗದಿದ್ದರೆ" ಎಂಬ ಷರತ್ತಿನ ಮೇಲೆ ಇಡೀ ಕಟ್ಟಡ ಹೆಸರು ಕೊಟ್ಟಿತು. ಅಧ್ಯಕ್ಷರು ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಭಾನುವಾರ ವ್ಯಾನು ಕಳಿಸಲು ಹೇಳಿದರು. ಇದನ್ನು ಕೇಳಿ ಮೇಷ್ಟ್ರ ಮನಸ್ಸು ಕೂಡ ಹಗುರಾಯಿತು. ಹಾಕಿಸಿಕೊಳ್ಳದವನಿಗೆ ಏನು ತಾನೇ ಆಗಲು ಸಾಧ್ಯ? ಒಂದು ವಾರ ಸುಮ್ಮನೆ ಓಡಾಡಿಕೊಂಡಿದ್ದರೆ ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಊರಿಗೆ ಉಪಕಾರವಾಗುತ್ತದೆ, ತನ್ನ ಮಾನವೂ ಉಳಿಯುತ್ತದೆ.

ಪಾಪ, ಅವರಿಗೆ ಒಂದು ವಿಷಯ ಹೊಳೆಯಲಿಲ್ಲ. ಯಾವ ಮನುಷ್ಯನನ್ನಾದರೂ ಸರಿಯೇ, ನಾಲ್ಕು ಮಹಡಿಯ ಜನ ಕಣ್ಣಲ್ಲಿ ಕಣ್ಣಿಟ್ಟು ಒಂದು ವಾರ ನೋಡಿದರೆ ಅವನು ಕಾಯಿಲೆಯವನ ಹಾಗೇ ಕಾಣುತ್ತಾನೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕೆಳಗಿಳಿಯುವಾಗ ಲಾಂಡ್ರಿಯವನು ಯಾರದೋ ಹಳೆಯ ರಗ್ಗನ್ನು ಬಾಗಿಲಲ್ಲಿ ಕೊಡವುತ್ತಿದ್ದ. ಮೇಷ್ಟ್ರು ಸೀನಿದರು. ಮತ್ತೆ ಸೀನಿದರು. ಬಾಗಿಲುಗಳು ಒಂದೊಂದಾಗಿ ಅರ್ಧ ತೆರೆದುಕೊಂಡವು.

"ಶುರುವಾಯ್ತು," ಎಂದು ಯಾರೋ ಪಿಸುಗುಟ್ಟಿದರು.

ಅದನ್ನು ಸುಳ್ಳು ಮಾಡಿ ತೋರಿಸಬೇಕೆಂಬ ಹಟದಲ್ಲಿ ಮೇಷ್ಟ್ರು, ಗೇಟಿನ ಬಳಿ ಇಟ್ಟಿದ್ದ ನೀರಿನ ಕ್ಯಾನನ್ನು ಯಾರ ಸಹಾಯವೂ ಇಲ್ಲದೆ ಹೆಗಲಿಗೇರಿಸಿದರು. ಸೊಂಟದಲ್ಲಿ ಕಟಕ್ಕೆಂದಿತು. ಅವತ್ತಿಡೀ ಅವರು ಎಡಕ್ಕೆ ವಾಲಿಕೊಂಡು ನಡೆದರು.

"ಸೂಜಿ ಹಾಕಿದ ಕಡೆಗೇ ವಾಲ್ತಿದಾರೆ, ಗಮನಿಸಿದ್ರಾ?" ಎಂದಳು ಎದುರುಮನೆ ಅಕ್ಕ. "ಔಷಧಿ ಭಾರ ಇರುತ್ತಂತೆ."

ಅಧ್ಯಕ್ಷರು ಸಂಜೆ ಎದುರಾಗಿ, ಧೈರ್ಯ ತುಂಬುವಂತೆ ಮೇಷ್ಟ್ರ ಬಲತೋಳಿನ ಮೇಲೆ ಫಟ್ಟನೆ ಒಂದು ಏಟು ಹಾಕಿದರು. ಸೂಜಿಯ ನೋವನ್ನು ನಟಿಸುವ ಹೊಣೆ ತನ್ನ ಮೇಲಿದೆ ಎಂಬುದು ಆಗ ನೆನಪಾಗಿ ಮೇಷ್ಟ್ರು, "ಅಯ್ಯಪ್ಪಾ! ಇಂಜೆಕ್ಷನ್ ಕೈ!" ಎಂದು ಚೀರಿದರು.

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ನಿನ್ನೆ ಹತ್ತಿ ಬಲಗೈಲಿತ್ತಲ್ಲ, ಅಂದ್ರೆ ಸೂಜಿ ಎಡಗೈಗೆ ತಾನೇ?"

"ಹಾಂ... ಎಡಗೈ. ಅಂದ್ರೆ ಈಗ ನೋವು ಬಲಗೈಗೆ ಬಂದಿದೆ."

"ಔಷಧಿ ಕೈಯಿಂದ ಕೈಗೆ ಓಡಾಡ್ತಿದೆ!" ಎಂಬುದು ರಾತ್ರಿ ಊಟದ ಹೊತ್ತಿಗೆ ಎಲ್ಲ ಮನೆಗಳಿಗೂ ತಲುಪಿದ ಸುದ್ದಿ. ಬೆಳಗಾಗುವಷ್ಟರಲ್ಲಿ ಅದು ಕಾಲಿಗೂ ಇಳಿದಿತ್ತು.

ಇನ್ನು ಮರೆವಿನ ವಿಷಯ. ಮೇಷ್ಟ್ರು ಹುಟ್ಟಾ ಮರೆಗುಳಿ. ಒಂದು ಮಹಡಿ ಹೆಚ್ಚು ಹತ್ತಿ ತನ್ನ ಮನೆಯ ಮೇಲಿನ ಮನೆಗೆ ನುಗ್ಗುವುದು, ಅವರು ನಕ್ಕು ವಾಪಸ್ಸು ಕಳಿಸುವುದು ಮಾಮೂಲಿಯಾಗಿತ್ತು. ಆ ಮನೆಯಲ್ಲಿ ಪಿಟೀಲು ಕಲಿಸುವ ಮೇಡಂ ಇದ್ದರು. ಆ ವಾರವೂ ಮೇಷ್ಟ್ರು ತಲೆತುಂಬ ಚಿಂತೆ ಹೊತ್ತು ಹತ್ತಿ, ನೇರ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಸೋಫಾದಲ್ಲಿ ಕೂತು, "ಒಂದು ಲೋಟ ನೀರು ಕೊಡೇ" ಎಂದರು. ಬೇರೆ ದಿನವಾಗಿದ್ದರೆ ಮೇಡಂ ನಗುತ್ತಿದ್ದರು. ಈಗ ಪಿಟೀಲಿನ ಕೋಲನ್ನು ಎದೆಗೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತರು.

"ಮೇಷ್ಟ್ರೇ, ನಾನು ಯಾರು ಗೊತ್ತಾಗ್ತಿದೆಯಾ?" ಎಂದರು ನಡುಗುವ ದನಿಯಲ್ಲಿ.

ಮೇಷ್ಟ್ರು ಸುತ್ತ ನೋಡಿದರು. "ಗೊತ್ತಾಯ್ತು, ಈಗ ಗೊತ್ತಾಯ್ತು" ಎನ್ನುತ್ತ ಎದ್ದು, ಗಾಬರಿಯಲ್ಲಿ ಮೇಡಂರ ಚಪ್ಪಲಿ ಮೆಟ್ಟಿಕೊಂಡು ಇಳಿದರು. ಅದರ ಹಿಮ್ಮಡಿ ಎತ್ತರವಾಗಿತ್ತು. ಸೊಂಟ ಬೇರೆ ವಾಲಿತ್ತು. ಆ ನಡಿಗೆಯನ್ನು ನೋಡಿದ ಎದುರುಮನೆ ಅಕ್ಕ ಬಾಗಿಲಲ್ಲೇ ಕಣ್ಣೀರು ಹಾಕಿದಳು.

ಗೇಟಿನ ಕಂಬದ ಪ್ರಸಂಗ ನಡೆದದ್ದು ಶುಕ್ರವಾರ. ಡ್ರೈವಿಂಗ್ ಶಾಲೆಯ ಕಾರಿಗೆ ತಮ್ಮ ಕೈಯಲ್ಲಿ ಒಂದು ಗೀರೂ ಆಗಿಲ್ಲವೆಂಬುದು ಮೇಷ್ಟ್ರ ಜೀವಮಾನದ ಹೆಮ್ಮೆ. ಅವತ್ತು ಕಾರು ಹೊರಗೆ ತೆಗೆಯುವಾಗ ಕಣ್ಣೆತ್ತಿ ನೋಡಿದರೆ ಎಲ್ಲ ಬಾಲ್ಕನಿಗಳಲ್ಲೂ ಜನ. ಕೆಲವರು ಕುರ್ಚಿ ಹಾಕಿಕೊಂಡು ಕೂತಿದ್ದರು. "ಏನೂ ಆಗಿಲ್ಲ ನನಗೆ, ಚೆನ್ನಾಗಿದೀನಿ" ಎಂದು ತೋರಿಸಲು ಮೇಷ್ಟ್ರು ಕಿಟಕಿಯಿಂದ ಕೈ ಹೊರಹಾಕಿ ಎಲ್ಲರಿಗೂ ಬೀಸಿದರು. ಬೀಸುತ್ತಲೇ ಹೋಗಿ ಗೇಟಿನ ಕಂಬಕ್ಕೆ ಗುದ್ದಿದರು.

ಕಾರಿನ ಮೇಲೆ ಕಟ್ಟಿದ್ದ "ಎಚ್ಚರಿಕೆ, ಕಲಿಯುವವರು" ಎಂಬ ಹಲಗೆ ಕಳಚಿ ಬಾನೆಟ್ಟಿನ ಮೇಲೆ ಬಿತ್ತು. ಲಾಂಡ್ರಿಯವನು ಓಡಿಬಂದು, ಆರು ಅಡಿ ದೂರದಲ್ಲೇ ನಿಂತು, "ಮೇಷ್ಟ್ರೇ, ಯಾವುದು ಬ್ರೇಕು ಅಂತ ನೆನಪಿದೆಯಾ?" ಎಂದು ಕೇಳಿದ. ಆ ಪ್ರಶ್ನೆಗಿಂತ ಕಂಬವೇ ಮೆತ್ತಗಿತ್ತು.

ಅವತ್ತು ಮಧ್ಯಾಹ್ನದಿಂದ ಅಧ್ಯಕ್ಷರ ಮನೆಯ ಬಾಗಿಲು ಬಡಿಯುವ ಸದ್ದು ನಿಲ್ಲಲಿಲ್ಲ. ನಮ್ಮ ಹೆಸರು ಬೇಡ, ನಮ್ಮನೆಯವರದು ಬೇಡ, ನಮ್ಮ ತಾತನದು ಮೊದಲೇ ಬೇಡ. ಪಿಟೀಲು ಮೇಡಂ ಬಂದು, "ನನಗೆ ಎರಡೂ ಕೈ ಬೇಕು ಸಾರ್, ವೃತ್ತಿಯ ಪ್ರಶ್ನೆ" ಎಂದು ಹೆಸರು ಹಿಂದೆ ತೆಗೆದುಕೊಂಡು ಹೋದರು. ಅಧ್ಯಕ್ಷರಾದರೂ ಹೆದರದೆ ನಿಂತರೇ ಎಂದರೆ, ಅವರು ತಮ್ಮ ಹೆಸರನ್ನು ಎಲ್ಲರಿಗಿಂತ ಮೊದಲೇ ಹೊಡೆದುಹಾಕಿದ್ದರು.

ಹೆಂಡತಿ ಬಾದಾಮಿ ನೆನೆಸಿ ಸಿಪ್ಪೆ ಸುಲಿದು ಮೇಷ್ಟ್ರಿಗೆ ಒಂದೊಂದಾಗಿ ತಿನ್ನಿಸುತ್ತಿದ್ದಳು. ಅವರು ಏನಾದರೂ ಹೇಳಲು ಬಾಯಿ ತೆರೆದರೆ ಅದರೊಳಗೆ ಇನ್ನೊಂದು ಬಾದಾಮಿ ಬೀಳುತ್ತಿತ್ತು. ಅಷ್ಟರಲ್ಲಿ ಅತ್ತೆಯ ಕೋಣೆಯಿಂದ ಸದ್ದು ಕೇಳಿಸಿತು. ಇಬ್ಬರೂ ಓಡಿದರು. ಅತ್ತೆ ಮಂಚದ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತಿದ್ದರು. ಪಂಪಿನ ಔಷಧಿ ಎಳೆದುಕೊಂಡು, ಬೆನ್ನು ಸವರಿಸಿಕೊಂಡು, ಉಸಿರು ಹದಕ್ಕೆ ಬರುವ ಹೊತ್ತಿಗೆ ಮೂವರೂ ಬೆವರಿದ್ದರು.

"ಅತ್ತೆ," ಎಂದರು ಮೇಷ್ಟ್ರು ಮೆಲ್ಲಗೆ, "ಭಾನುವಾರ ವ್ಯಾನು ಬರುತ್ತೆ. ನೀವು ಹಾಕಿಸ್ಕೊಳ್ಳಲೇಬೇಕು. ಈ ಎದೆ ಇಟ್ಕೊಂಡು ಆ ಕಾಯಿಲೆ ಬಂದ್ರೆ ಕಷ್ಟ."

ಅತ್ತೆ ಅಳಿಯನ ಕೈ ಹಿಡಿದುಕೊಂಡರು. "ಗಟ್ಟಿ ಆಳು, ನಿಮಗೇ ಹೀಗಾಗಿದೆ. ಸೊಂಟ ಹೋಯ್ತು, ನೆನಪು ಹೋಯ್ತು, ಕಾರೂ ಹೋಯ್ತು. ನನ್ನ ಮೇಲೆ ನಿಮಗಿರೋ ಅಕ್ಕರೆ ಗೊತ್ತು. ಆದ್ರೆ ನಿಮ್ಮನ್ನ ನೋಡಿದ ಮೇಲೆ ನಂಗೆ ಬೇಡಪ್ಪ."

ಮೇಷ್ಟ್ರ ಎದೆಗೆ ಏನೋ ನಾಟಿತು. ಸೂಜಿಗಿಂತ ದಪ್ಪದ್ದು. ಅತ್ತೆ ಹೆದರುತ್ತಿರುವುದು ಅಳಿಯನ ಮೈಗೆ ತಗುಲದೇ ಇದ್ದ ಔಷಧಿಗೆ. ಅದರಿಂದಾಗಿ ಅವರಿಗೇನಾದರೂ ಆದರೆ ಅದನ್ನು ಯಾವ ಬಾದಾಮಿಯಿಂದಲೂ ನುಂಗುವುದಕ್ಕಾಗುವುದಿಲ್ಲ. ಅವರು ಎದ್ದು ಹೋಗಿ ಅಧ್ಯಕ್ಷರಿಗೆ ಸೀಟಿ ಊದಲು ಹೇಳಿದರು.

ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಸೇರಿದರು. ಮಾಸ್ಕುಗಳೆಲ್ಲ, ಅಪರೂಪಕ್ಕೆ, ಮೂಗಿನ ಮೇಲಿದ್ದವು. ಔಷಧಿ ಒಬ್ಬರಿಂದೊಬ್ಬರಿಗೆ ಅಂಟುತ್ತದೋ ಏನೋ ಎಂಬ ಅನುಮಾನವಿತ್ತು. ಮೇಷ್ಟ್ರು ತಮ್ಮ ಮಾಸ್ಕನ್ನು ಬಿಗಿಯಾಗಿಯೇ ಇಟ್ಟುಕೊಂಡು, ಈ ಸಲ ಯಾರಿಗೂ ತಪ್ಪು ಕೇಳಿಸಬಾರದೆಂದು ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು.

"ನಾನು ಇಂಜೆಕ್ಷನ್ ಹಾಕಿಸ್ಕೊಂಡೇ ಇಲ್ಲ!"

 ಎದುರುಮನೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಹಾಕಿಸ್ಕೊಂಡಿದ್ದೂ ಮರೆತುಹೋಗಿದೆ, ಪಾಪ."

"ಮರೆತಿಲ್ಲ! ಹೆದರಿ ಓಡಿಬಂದೆ!"

"ಮೇಷ್ಟ್ರೇ, ನೀವು ಹೆದರೋದಾ?" ಲಾಂಡ್ರಿಯವನು ಮರುಕದಿಂದ ನಕ್ಕ. "ತಾನು ಎಂಥ ಧೈರ್ಯಸ್ಥ ಅನ್ನೋದೂ ನೆನಪಿಲ್ಲ ನೋಡ್ರಪ್ಪಾ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಕೊನೆಯ ಆಸರೆ ಅದೊಂದೇ. ಆಕೆ ಹತ್ತಿರ ಬಂದು, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು: "ಹಾಕಿಸ್ಕೊಂಡಿದೀರಿ ಕಣ್ರೀ. ಸಮಾಧಾನವಾಗಿ ನೆನಪು ಮಾಡ್ಕೊಳ್ಳಿ. ಇರುವೆ ಕಚ್ಚಿದ ಹಾಗೂ ಆಗ್ಲಿಲ್ಲ ಅಂದ್ರಿ."

ಸುಳ್ಳು ಹೇಳಿದಾಗ ಬಿದ್ದ ಚಪ್ಪಾಳೆಯನ್ನು ಮೇಷ್ಟ್ರು ನೆನೆದರು. ನಿಜ ಹೇಳಿದ್ದಕ್ಕೆ ಸಿಕ್ಕಿದ್ದು, ಇಬ್ಬರು ಎರಡು ಕಡೆ ತೋಳು ಹಿಡಿದು ಮನೆಯವರೆಗೆ ಬಿಟ್ಟುಬಂದ ಮರ್ಯಾದೆ.

ಭಾನುವಾರ ಬೆಳಿಗ್ಗೆ ಬಿಳಿ ವ್ಯಾನು ಬಂದು ಗೇಟಿನೊಳಗೆ ನಿಂತಿತು. ನರ್ಸಮ್ಮ ಇಳಿದು, ಮೇಜು ಹಾಕಿಸಿ, ಔಷಧಿಯ ತಣ್ಣನೆಯ ಪೆಟ್ಟಿಗೆ ಇಟ್ಟು, ಒಂದು ಕುರ್ಚಿ ಎಳೆದು ಕಾದರು. ಬಾಲ್ಕನಿಗಳು ತುಂಬಿದ್ದವು. ಮೇಜಿನ ಹತ್ತಿರ ನರಪಿಳ್ಳೆಯೂ ಇರಲಿಲ್ಲ.

"ಏನ್ರೀ ಇದು?" ನರ್ಸಮ್ಮ ಅಧ್ಯಕ್ಷರನ್ನು ಕೇಳಿದರು. "ಇಡೀ ಕಟ್ಟಡ ರೆಡಿ ಇದೆ ಅಂದಿದ್ರಿ. ಯಾರೂ ಬರಲ್ಲ ಅಂದ್ರೆ ಪಕ್ಕದ ಬೀದಿಗೆ ಹೋಗ್ತೀನಿ. ಮತ್ತೆ ಇಲ್ಲಿಗೆ ಬರೋದು ಯಾವಾಗಲೋ, ಹೇಳೋಕಾಗಲ್ಲ."

ಅಧ್ಯಕ್ಷರು ಸೀಟಿಯನ್ನು ಬಾಯಿಗಿಟ್ಟರು, ಊದಲಿಲ್ಲ. ನರ್ಸಮ್ಮ ಪೆಟ್ಟಿಗೆಯ ಮುಚ್ಚಳ ಹಾಕುವುದರಲ್ಲಿದ್ದರು.

ಆಗ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಮೇಷ್ಟ್ರು ಬರುತ್ತಿದ್ದರು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು, ಸೊಂಟ ಇನ್ನೂ ಅರ್ಧ ವಾಲಿತ್ತು. ಆದರೂ ಬರುತ್ತಿದ್ದರು. ಹಿಂದೆಯೇ ಹೆಂಡತಿ, "ಬೇಡ ರೀ, ಇನ್ನೊಂದು ತಡೆಯಲ್ಲ ನಿಮ್ಮ ದೇಹ!" ಎಂದು ಓಡಿಬಂದಳು. ಮೇಷ್ಟ್ರು ತಿರುಗಿ ನೋಡದೆ ಹೋಗಿ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದರು.

ನರ್ಸಮ್ಮ ಅವರ ಮುಖ ನೋಡಿದರು. ಮಾಸ್ಕಿನ ಮೇಲಿನ ಗಾಬರಿಗಣ್ಣುಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಆಹಾ! ನನ್ನ ಹತ್ತಿ ತಗೊಂಡು ಓಡಿಹೋದೋರು ನೀವೇ ತಾನೇ?"

ಬಾಲ್ಕನಿಗಳಲ್ಲಿದ್ದವರೆಲ್ಲ ಕಂಬಿಯಿಂದ ಮುಂದಕ್ಕೆ ಬಾಗಿದರು.

"ಏನಂದ್ರಿ ಸಿಸ್ಟರ್?" ಎಂದರು ಅಧ್ಯಕ್ಷರು.

"ಮೊದಲನೇ ದಿನ ರೀ! ಸಿರಿಂಜ್ ತುಂಬಿಸ್ಕೊಂಡು ಈ ಕಡೆ ತಿರುಗ್ತೀನಿ, ಕುರ್ಚಿ ಖಾಲಿ, ಹಿಂದಿನ ಬಾಗಿಲು ಒಂದೇ ಸಮ ಹೊಡ್ಕೊಳ್ತಿದೆ. ಓಡೋರನ್ನ ಎಷ್ಟೋ ನೋಡಿದೀನಿ. ಹತ್ತಿ ಸಮೇತ ಓಡಿದೋರು ಇವರೊಬ್ರೇ."

"ಹಾಗಾದ್ರೆ ಇವರಿಗೆ ಔಷಧಿ..."

"ಒಂದು ಹನಿನೂ ಹೋಗಿಲ್ಲ."

 ಮೊದಲು ದನಿ ಬಂದದ್ದು ಲಾಂಡ್ರಿಯವನಿಗೆ.

"ಮತ್ತೆ ಆ ಸೀನು?"

"ನಿನ್ನ ರಗ್ಗಿನ ಧೂಳು," ಎಂದರು ಮೇಷ್ಟ್ರು.

"ಸೊಂಟ?" ಎಂದಳು ಎದುರುಮನೆ ಅಕ್ಕ.

"ನೀರಿನ ಕ್ಯಾನು."

"ನಮ್ಮನೆಗೆ ಬಂದು ನೀರು ಕೇಳಿದ್ದು?" ಪಿಟೀಲು ಮೇಡಂ ಮೇಲಿನಿಂದ ಕೂಗಿದರು.

"ನಾನು ಯಾವಾಗ್ಲೂ ಬರ್ತಿರಲಿಲ್ವಾ ಮೇಡಂ?" ಈಗ ಮೇಷ್ಟ್ರ ದನಿಗೆ ಒಂದು ಬಗೆಯ ಕಳೆ ಬರತೊಡಗಿತ್ತು.

"ಗೇಟಿನ ಕಂಬ?" ಅಧ್ಯಕ್ಷರು ಬಹಳ ಗಂಭೀರವಾಗಿ ಕೇಳಿದರು.

ಮೇಷ್ಟ್ರಿಗೆ ಇದು ವೃತ್ತಿಯ ಮಾನದ ಪ್ರಶ್ನೆ. ಆದರೂ ತಲೆಯೆತ್ತಿ ಹೇಳಿದರು: "ಅದೂ ನಾನೇ. ಯಾವ ಔಷಧಿಯ ಸಹಾಯವೂ ಇಲ್ಲದೆ ನಾನೇ ಗುದ್ದಿದ್ದು!"

ಮೊದಲನೆಯ ಮಹಡಿಯ ಬಾಲ್ಕನಿಯಿಂದ ಒಂದು ಸದ್ದು ಹೊರಟಿತು. ಅತ್ತೆಗೆ ಮತ್ತೆ ಉಬ್ಬಸ ಬಂತೆಂದು ಮಗಳು ಹೌಹಾರಿ ಮೇಲೆ ನೋಡಿದಳು. ಉಬ್ಬಸವಲ್ಲ, ನಗು. ಅತ್ತೆ ಕಂಬಿ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಅಂದ್ರೆ ಇಷ್ಟೂ ನಮ್ಮ ಅಳಿಯಂದ್ರ ಸ್ವಂತ ಸಂಪಾದನೆ! ಆ ಔಷಧಿ ಪಾಪ ಏನೂ ಮಾಡಿಲ್ಲ! ಏ, ಯಾರಾದ್ರೂ ನನ್ನ ಕೆಳಗೆ ಕರ್ಕೊಂಡು ಹೋಗ್ರೋ!"

"ತಡೀರಿ ಅತ್ತೆ!" ಎಂದು ಮೇಷ್ಟ್ರು ಕೂಗಿದರು. "ಮೊದಲು ನಂದು!"

ಆ ಮಾತು ಬಾಯಿಂದ ಬಂದದ್ದು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವರು ಅವರೇ. ಆದರೆ ಈ ಸಲ ಅವರು ಎದ್ದು ಓಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಎಡಗೈಯನ್ನು ಒಪ್ಪಿಸಿ, ಬಲಗಾಲಿನಿಂದ ನೆಲದಲ್ಲಿಲ್ಲದ ಬ್ರೇಕನ್ನು ಅದುಮಿ ಹಿಡಿದು ಕೂತರು. 

"ಏಳಿ," ಎಂದರು ನರ್ಸಮ್ಮ.

"ಇಲ್ಲ, ಏಳಲ್ಲ. ಏನೇ ಆದ್ರೂ ಇವತ್ತು ಹಾಕಿಸ್ಕೊಂಡೇ ಏಳೋದು!"

"ಆಗಿ ಎಷ್ಟೋ ಹೊತ್ತಾಯ್ತು. ಬೇರೆಯವರಿಗೆ ಕುರ್ಚಿ ಬಿಡಿ."

ಮೇಷ್ಟ್ರು ಒಂದು ಕಣ್ಣು ತೆರೆದು ತೋಳು ನೋಡಿಕೊಂಡರು. ಹತ್ತಿಯ ಮೇಲೆ ಸಾಸಿವೆಯಷ್ಟು ಕೆಂಪು. ಅವರು ಎದ್ದು ನಿಂತು ಆ ಹತ್ತಿಯನ್ನು ಎಲ್ಲ ಮಹಡಿಗಳಿಗೂ ಕಾಣುವಂತೆ ಎತ್ತಿ ಹಿಡಿದರು. ಬಿದ್ದ ಚಪ್ಪಾಳೆಗೆ ವ್ಯಾನಿನ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು. ಮೊದಲ ಸಲದ್ದಕ್ಕಿಂತ ಈ ಚಪ್ಪಾಳೆ ದೊಡ್ಡದಿತ್ತು, ಕೇಳಲು ಹಿತವಾಗಿಯೂ ಇತ್ತು.

ಲಾಂಡ್ರಿಯವನೂ ಅಧ್ಯಕ್ಷರೂ ಅತ್ತೆಯನ್ನು ಕುರ್ಚಿ ಸಮೇತ ಇಳಿಸಿಕೊಂಡು ಬಂದರು. ಅತ್ತೆ ಹಾಕಿಸಿಕೊಂಡು, "ಇಷ್ಟಕ್ಕಾ ಓಡಿಬಂದಿದ್ದು?" ಎಂದು ಅಳಿಯನನ್ನು ನೋಡಿ ಮತ್ತೆ ನಕ್ಕರು. ಆಮೇಲೆ ಪಿಟೀಲು ಮೇಡಂ. ಆಮೇಲೆ ಎದುರುಮನೆ ಅಕ್ಕ, ಅವಳ ಯಜಮಾನರು. ಅಧ್ಯಕ್ಷರ ಸೀಟಿ ಒಂದೇ ಸಮನೆ ಕೂಗಿತು. ಜನ ರೈಲಿನ ಬೋಗಿಗಳ ಹಾಗೆ ಸಾಲುಗಟ್ಟಿದರು, ಮಧ್ಯೆ ಅಂತರ ಬಿಟ್ಟು, ಮಾಸ್ಕು ಮೂಗಿಗೆ ಹಾಕಿಕೊಂಡು. ಪೆಟ್ಟಿಗೆ ಖಾಲಿಯಾಗಿ, ವ್ಯಾನು ಕೇಂದ್ರಕ್ಕೆ ಹೋಗಿ ಇನ್ನೊಂದು ಪೆಟ್ಟಿಗೆ ತರಬೇಕಾಯಿತು.

ಅವತ್ತು ರಾತ್ರಿ ಮೇಷ್ಟ್ರಿಗೆ ಸ್ವಲ್ಪ ಮೈ ಬಿಸಿಯಾಯಿತು, ತೋಳು ನೋಯಿತು. ಬೆಳಿಗ್ಗೆ ವಿಚಾರಿಸಲು ಬಂದ ಲಾಂಡ್ರಿಯವನು ಅದನ್ನು ಕೇಳಿ, "ಇಷ್ಟೇನಾ?" ಎಂದ. "ಹಾಕಿಸ್ಕೊಳ್ದೇ ಇದ್ದಾಗ ಅಷ್ಟೆಲ್ಲಾ ಆಗಿತ್ತು, ಹಾಕಿಸ್ಕೊಂಡ್ಮೇಲೆ ಇಷ್ಟೇ ಅಂದ್ರೆ ಲಾಭವೇ ಅಲ್ವಾ ಮೇಷ್ಟ್ರೇ!" ಈ ಲೆಕ್ಕಾಚಾರ ಅಕ್ಕಪಕ್ಕದ ಬೀದಿಗಳಿಗೂ ಹಿಡಿಸಿತು. ಅಲ್ಲಿಯವರೂ ವ್ಯಾನು ಕರೆಸಿದರು.

ನರ್ಸಮ್ಮ ಬುದ್ಧಿವಂತೆ. ಹೋದಲ್ಲೆಲ್ಲ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋದರು. ಎಲ್ಲರಿಗಿಂತ ಹೆಚ್ಚು ಹೆದರಿಕೊಂಡು ಬಂದವರನ್ನು ಮೇಷ್ಟ್ರ ಪಕ್ಕದಲ್ಲಿ ಕೂರಿಸುತ್ತಿದ್ದರು. ಮೇಷ್ಟ್ರು ಅವರ ಕೈ ಹಿಡಿದುಕೊಂಡು, ತಾನು ಓಡಿದ ಕಥೆಯನ್ನು ಒಂದು ಅಕ್ಷರವೂ ಬಿಡದೆ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಎಂಥ ಪುಕ್ಕಲನಿಗೂ ತಾನು ಬಹಳ ಧೈರ್ಯಸ್ಥ ಎನ್ನಿಸಿಬಿಡುತ್ತಿತ್ತು. ಅಷ್ಟರಲ್ಲಿ ನರ್ಸಮ್ಮ ಕೆಲಸ ಮುಗಿಸಿರುತ್ತಿದ್ದರು. ಆ ಸುತ್ತಿನ ಬೀದಿಗಳಲ್ಲಿ ಹಾಕಿಸಿಕೊಳ್ಳದವರೇ ಉಳಿಯಲಿಲ್ಲ.

ಸುದ್ದಿ ಮೇಲಿನವರೆಗೂ ಹೋಗಿ, ಒಂದು ದಿನ ದೊ‌ಡ್ಡ ಆರೋಗ್ಯಾಧಿಕಾರಿಗಳೇ ಕಾರಿನಲ್ಲಿ ಬಂದಿಳಿದರು. ಕಟ್ಟಡದ ಮುಂದೆ ನಿಂತು ಲಸಿಕೆಯ ಮಹತ್ವ, ನಾಗರಿಕರ ಕರ್ತವ್ಯ, ಭಯದ ವಿರುದ್ಧ ವಿಜ್ಞಾನದ ಗೆಲುವು ಎಂದು ಗಂಟಲು ಬಿಚ್ಚಿ ಭಾಷಣ ಮಾಡಿದರು. ಮೇಷ್ಟ್ರಿಗೆ ಶಾಲು ಹೊದಿಸಿದರು. ಫೋಟೋ ಆಯಿತು. ಅತ್ತೆ ಮುಂದಿನ ಸಾಲಿನಲ್ಲಿ ಕೂತು, ಎದೆಯಲ್ಲಿ ಸೀಟಿಯಿಲ್ಲದೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಅಧಿಕಾರಿಗಳು ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿ, ಏನೋ ಗುಟ್ಟಿನ ಮಾತಿದೆಯೆಂಬಂತೆ ಸಂಘದ ಕಚೇರಿಯೊಳಗೆ ಕರೆದುಕೊಂಡು ಹೋದರು. ನರ್ಸಮ್ಮನನ್ನೂ ಪೆಟ್ಟಿಗೆ ಸಮೇತ ಬರಹೇಳಿ ಬಾಗಿಲು ಹಾಕಿದರು. ಹಣೆಯ ಬೆವರು ಒರೆಸಿಕೊಂಡರು.

"ಮೇಷ್ಟ್ರೇ," ಎಂದರು ಮೆಲ್ಲಗೆ, "ಊರಿಗೆಲ್ಲಾ ಹೇಳ್ಕೊಂಡು ಓಡಾಡೋದ್ರಲ್ಲಿ... ನಂದೇ ಇನ್ನೂ ಆಗಿಲ್ಲ. ಸ್ವಲ್ಪ ಕೈ ಹಿಡ್ಕೊಳ್ತೀರಾ?"

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಧಿಕಾರಿಗಳು ಎದೆ ಸೆಟೆಸಿಕೊಂಡು, ಯಾರ ಮುಖವನ್ನೂ ನೋಡದೆ ಕಾರು ಹತ್ತಿ ಹೊರಟುಹೋದರು. ಕಾದು ನಿಂತಿದ್ದ ಜನ ಮೇಷ್ಟ್ರನ್ನು ಮುತ್ತಿಕೊಂಡರು.

"ಒಳಗೆ ಏನ್ ಮೇಷ್ಟ್ರೇ ಅಷ್ಟು ಹೊತ್ತು?" ಎಂದರು ಅಧ್ಯಕ್ಷರು.

ಮೇಷ್ಟ್ರು ಶಾಲನ್ನು ಸರಿಮಾಡಿಕೊಂಡರು.

"ಏನಿಲ್ಲ, ಇಲಾಖೆ ವಿಷಯ. ಸರ್ಕಾರದ ಹತ್ರ ಧೈರ್ಯ ಸ್ವಲ್ಪ ಸಾಲದಾಗಿತ್ತು. ಕೊಟ್ಟು ಕಳಿಸಿದೆ."